ನೆಗಡಿಯೋ, ಫ್ಲೂವೋ, ಆರ್‌ಎಸ್‌ವಿಯೋ: ಲಕ್ಷಣ ನೋಡಿ ಹೇಳಬಹುದೇ?

ಪ್ರಶ್ನೆ: ಆರು ತಿಂಗಳ ಮಗುವಿರುವ ಮನೆಯಲ್ಲಿ ದೊಡ್ಡವರಿಗೆ ಮೂಗು ಸೋರುತ್ತಾ ಕೆಮ್ಮು ಬಂದರೆ, ಯಾವ ವೈರಸ್ ಎಂದು ತಿಳಿಯುವುದು ಹೇಗೆ? ಕೈಗೆ ಸ್ಯಾನಿಟೈಸರ್ ಒಂದೇ ಸಾಕೇ?

ಉತ್ತರ 1: ಸುಳಿವು ಸಿಗುತ್ತದೆ, ಖಚಿತವಾಗುವುದು ಪರೀಕ್ಷೆಯಿಂದಲೇ. ಸಾಮಾನ್ಯ ನೆಗಡಿ ತರುವ ರೈನೋವೈರಸ್‌ನಲ್ಲಿ ಸೀನು, ಗಂಟಲು ಕೆರೆತ ಮೊದಲು; ದೊಡ್ಡವರಿಗೆ ಜ್ವರ ಅಪರೂಪ. ಫ್ಲೂ ಏಕಾಏಕಿ ಜ್ವರ, ಮೈಕೈ ನೋವಿನೊಂದಿಗೆ ಬರುತ್ತದೆ. ಅಡಿನೋವೈರಸ್ ಆದರೆ ಕಣ್ಣೂ ಕೆಂಪಾಗಬಹುದು. ಫ್ಲೂ ಅನುಮಾನವಿದ್ದರೆ ಬೇಗ ವೈದ್ಯರನ್ನು ಕಾಣಿ: ಫ್ಲೂ ಔಷಧಿ ಒಸೆಲ್ಟಾಮಿವಿರ್ ಹೆಚ್ಚು ಫಲ ಕೊಡುವುದು ಲಕ್ಷಣ ಕಂಡ 48 ಗಂಟೆಯೊಳಗೆ ಶುರುಮಾಡಿದಾಗ. ಆ್ಯಂಟಿಬಯಾಟಿಕ್ ಇವು ಯಾವುದಕ್ಕೂ ನಾಟುವುದಿಲ್ಲ.

ಉತ್ತರ 2: ಸ್ಯಾನಿಟೈಸರ್ ಒಂದೇ ಸಾಲದು. ಫ್ಲೂ, ಆರ್‌ಎಸ್‌ವಿ (ಶಿಶುಗಳ ಉಸಿರಾಟವನ್ನು ಹೆಚ್ಚು ಕಾಡುವ ವೈರಸ್), ಕೊರೊನಾಗಳಿಗೆ ಹೊರಗೆ ಕೊಬ್ಬಿನ ಪೊರೆಯಿದೆ, ಆಲ್ಕೋಹಾಲ್ ಅದನ್ನು ಒಡೆಯುತ್ತದೆ. ರೈನೋ, ಅಡಿನೋಗಳಿಗೆ ಆ ಪೊರೆಯೇ ಇಲ್ಲ, ಹಾಗಾಗಿ ಆಲ್ಕೋಹಾಲ್ ಅವಕ್ಕೆ ಅಷ್ಟಾಗಿ ನಾಟುವುದಿಲ್ಲ. ಸೋಪು ಹಚ್ಚಿ 20 ಸೆಕೆಂಡು ಉಜ್ಜಿ, ಹರಿಯುವ ನೀರಲ್ಲಿ ತೊಳೆಯಿರಿ. ಹೆಬ್ಬೆರಳ ಬುಡ, ಉಗುರಿನ ಸಂದು ಬಹುತೇಕ ಎಲ್ಲರೂ ಬಿಟ್ಟುಬಿಡುವ ಜಾಗ.

ಉತ್ತರ 3: ಮಗುವಿನ ವಿಷಯದಲ್ಲಿ ವೈರಸ್‌ನ ಹೆಸರಿಗಿಂತ ಉಸಿರಾಟ ಮುಖ್ಯ. ಆರ್‌ಎಸ್‌ವಿ ಶ್ವಾಸಕೋಶದ ಅತಿ ಸಣ್ಣ ನಳಿಕೆಗಳನ್ನು ಊದಿಸಿ ಲೋಳೆಯಿಂದ ಕಟ್ಟಿಬಿಡುತ್ತದೆ. ಸಾಮಾನ್ಯವಾಗಿ 3ರಿಂದ 5ನೇ ದಿನ ಜೋರು. ಮಗು ಶಾಂತವಾಗಿದ್ದಾಗ ಅಂಗಿ ಸರಿಸಿ, ಪೂರ್ತಿ 1 ನಿಮಿಷ ಉಸಿರು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಶಿಶುಗಳ ಉಸಿರು ಏಕಸಮವಾಗಿರುವುದಿಲ್ಲ. 2ರಿಂದ 12 ತಿಂಗಳೊಳಗೆ 50 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರಾಟ, ಅಂದೇ ತೋರಿಸಿ. ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ, ತುಟಿ ನೀಲಿಯಾದರೆ, ಹಾಲು ಕುಡಿಯಲಾಗದಿದ್ದರೆ ಎಣಿಸುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೊರಡಿ.