ಅಪ್ಪನಿಗೆ ಹೇಳಬೇಕೋ, ಬೇಡವೋ?

ಶೇಂಗಾಹೊಲ (ಚಳ್ಳಕೆರೆ):
ಎಲ್ಲರಿಗೂ ನಮಸ್ಕಾರ. ನಮ್ಮಪ್ಪನಿಗೆ ಎಪ್ಪತ್ತೊಂದು ವರ್ಷ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಲಿವರ್‌ಗೂ ಹಬ್ಬಿದೆ. ಡಾಕ್ಟರು ನನ್ನನ್ನೂ ತಮ್ಮನನ್ನೂ ಒಳಗೆ ಕರೆದು, "ಆಪರೇಷನ್ ಮಾಡೋ ಹಂತ ದಾಟಿದೆ, ಇನ್ನು ತಿಂಗಳುಗಳ ಲೆಕ್ಕ" ಅಂದ್ರು. ಅಪ್ಪ ಹೊರಗೆ ಬೆಂಚಿನ ಮೇಲೆ ಕೂತಿದ್ರು. "ಏನಂದ್ರೋ?" ಅಂತ ಕೇಳಿದ್ರು. "ಪಿತ್ತದ ನಾಳ ಊದಿದೆಯಂತೆ, ಮಾತ್ರೆ ಕೊಟ್ಟಿದಾರೆ" ಅಂದುಬಿಟ್ಟೆ. ಮೂರು ವಾರ ಆಯ್ತು. ಅಮ್ಮನಿಗೂ ಹೇಳಿಲ್ಲ. ಹೇಳಿದ್ರೆ ಎದೆಯೊಡೆದು ಮುಂಚೇನೇ ಹೋಗಿಬಿಡ್ತಾರೆ ಅಂತಾರೆ ಮನೆಯವರು. ಸಾಯುವ ಮನುಷ್ಯನಿಗೆ ತಾನು ಸಾಯ್ತಿದೀನಿ ಅಂತ ಗೊತ್ತಿರಬೇಕಾ? ಇದನ್ನ ಯಾರ ಹತ್ತಿರ ಕೇಳಬೇಕೋ ತಿಳೀಲಿಲ್ಲ.

ಹಳೇಪೇಟೆ (ದಾವಣಗೆರೆ):
ತಮ್ಮಾ, ಹೇಳಬ್ಯಾಡ. ನನ್ನ ಮಾತು ಕೇಳು. ನಮ್ಮಣ್ಣ ಹತ್ತಿ ಮಿಲ್ಲಿನಾಗೆ ದುಡಿದ ಗಟ್ಟಿ ಆಳು. ಮೂಟಿ ಹೊತ್ತು ಮಹಡಿ ಹತ್ತೋನು. "ಇನ್ನೇನೂ ಮಾಡಾಕ ಬರೂದಿಲ್ಲ" ಅಂತ ಕಿವಿಗೆ ಬಿದ್ದ ದಿನ ಗೋಡೆ ಕಡೆ ತಿರುಗಿ ಮಲಗಿದ. ಗಂಜಿ ಮುಟ್ಟಲಿಲ್ಲ. ಹನ್ನೊಂದನೇ ದಿನಕ್ಕೆ ಹೋದ. ರೋಗ ಕೊಲ್ಲೋಕಿಂತ ಮೊದಲು ಮಾತು ಕೊಲ್ತು ಅಂತ ಇವತ್ತಿಗೂ ನನಗನಿಸ್ತೈತಿ.

ತತ್ವಜಿಜ್ಞಾಸು:
ಹಿರಿಯರ ನೋವಿಗೆ ಕೈಮುಗಿದೇ ಹೇಳ್ತೀನಿ, ಭಯ ಇರೋದು ಮಾತಿನಲ್ಲಲ್ಲ, ಸಾವಿನ ಬಗ್ಗೆ ನಾವು ಕಟ್ಟಿಕೊಂಡ ಕಲ್ಪನೆಯಲ್ಲಿ. ಎಪಿಕ್ಯೂರಸ್ ಎಂಬ ಗ್ರೀಕ್ ಚಿಂತಕನ ವಾದ ಸರಳ: ನಾವಿರುವ ತನಕ ಸಾವಿಲ್ಲ, ಸಾವು ಬಂದಾಗ ನಾವಿಲ್ಲ. ಎರಡೂ ಮುಖಾಮುಖಿ ಆಗೋದೇ ಇಲ್ಲ. ಹುಟ್ಟುವ ಮುಂಚಿನ ಕಾಲದ ಬಗ್ಗೆ ಯಾರೂ ಅಳೋದಿಲ್ಲ, ಹೋದ ಮೇಲಿನ ಕಾಲಕ್ಕೆ ಯಾಕೆ ಅಳಬೇಕು? ನಿಮ್ಮ ತಂದೆಗೆ ಇದನ್ನ ನಿಧಾನವಾಗಿ ವಿವರಿಸಿ, ಸತ್ಯ ಹೇಳಿ.

ರಾತ್ರಿಪಾಳಿ (ದಾವಣಗೆರೆ):
ನಾನು ವಾರ್ಡಿನಲ್ಲಿ ನರ್ಸ್. ತಮ್ಮಾ ತತ್ವಜಿಜ್ಞಾಸು, ಆ ವಾದ ತಪ್ಪು ಅಂತ ನಾನು ಅನ್ನೋದಿಲ್ಲ, ಆದ್ರೆ ರಾತ್ರಿ ಎರಡು ಗಂಟೆಗೆ ಹಾಸಿಗೆ ಪಕ್ಕ ಅದು ಕೆಲಸಕ್ಕೆ ಬರೋದಿಲ್ಲ. ಸತ್ತ ಮೇಲೆ ನಾನೇನಾಗ್ತೀನಿ ಅಂತ ನನ್ನನ್ನ ಕೇಳಿದವರು ಕಮ್ಮಿ. ನೋವು ಜಾಸ್ತಿ ಆಗುತ್ತಾ ಸಿಸ್ಟರ್? ಆಗ ಪಕ್ಕದಲ್ಲಿ ಯಾರಿರ್ತಾರೆ? ಸೊಸೈಟಿ ಸಾಲದ ಕಾಗದ ಮಗನಿಗೆ ಸಿಗುತ್ತಾ? ಕೇಳೋದು ಇವು. ಅವರ ಹೆದರಿಕೆ ತಾವು ಇಲ್ಲವಾಗೋದರದ್ದಲ್ಲ, ಬಿಟ್ಟುಹೋಗೋದರದ್ದು.

ಇನ್ನೊಂದು, ಅವರಿಗೆ ಗೊತ್ತಿರೋದಿಲ್ಲ ಅಂದ್ಕೋಬೇಡಿ. ಪಂಚೆ ಸಡಿಲ ಆಗಿದ್ದು, ಕಣ್ಣು ಹಳದಿ ಆಗಿದ್ದು, ನೆಂಟರು ಇದ್ದಕ್ಕಿದ್ದಂತೆ ಹಣ್ಣು ಹಿಡ್ಕೊಂಡು ಬರೋದು, ಎಲ್ಲಾ ಅವರಿಗೂ ಕಾಣುತ್ತೆ. ಮಕ್ಕಳು ಅಪ್ಪನ ಮುಂದೆ ನಗ್ತಾರೆ, ಅಪ್ಪ ಮಕ್ಕಳ ಮುಂದೆ ನಗ್ತಾರೆ, ಇಬ್ಬರೂ ಬೇರೆಬೇರೆ ಅಳ್ತಾರೆ. ಅದನ್ನ ನೋಡೋದು ನನಗೆ ಸಾವು ನೋಡೋಕಿಂತ ಕಷ್ಟ.

ಕಾನೂನಿನ ಮಾತೂ ಇದೆ. ಘನತೆಯಿಂದ ಸಾಯುವುದು ಬದುಕುವ ಹಕ್ಕಿನದೇ ಭಾಗ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳ್ತು. ಕೊನೆಗೆ ಯಂತ್ರಕ್ಕೆ ಹಾಕಬೇಡಿ ಅಂತ ಮುಂಚೆನೇ ಬರೆದಿಡಬಹುದು. 2023ರಲ್ಲಿ ಆ ಕ್ರಮವನ್ನ ಹಗುರ ಮಾಡಿದ್ರು: ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ. 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಇದನ್ನ ಜಾರಿ ಮಾಡೋಕೆ ಆದೇಶ ಹೊರಡಿಸ್ತು. ಆದ್ರೆ ಪಿತ್ತದ ನಾಳ ಊದಿದೆ ಅಂತ ನಂಬಿದ ಮನುಷ್ಯ ಏನಂತ ಬರೀತಾರೆ ಹೇಳಿ?

ಹಳೇಪೇಟೆ ಕಾಕಾ, ಒಂದು ಕೇಳ್ಲಾ? ನಿಮ್ಮಣ್ಣನಿಗೆ ಯಾರು ಹೇಳಿದ್ದು? ಹೆಂಗೆ?

ಹೊಳಲ್ಕೆರೆ ಸೊಸೆ:
ನಮ್ಮಲ್ಲಿ ಸಾವಿನ ಮಾತು ಬಂದ್ರೆ ಸಾಕು, "ಬಿಡ್ತು ಅನ್ನು" ಅಂತಾರೆ. ನಮ್ಮಜ್ಜಿ ಮಾತ್ರ ಹಂಗಿರಲಿಲ್ಲ. ತನ್ನನ್ನ ಕೂರಿಸಿ ಮಣ್ಣು ಮಾಡೋವಾಗ ಉಡಿಸಬೇಕಾದ ಸೀರೆ, ವಿಭೂತಿ ಗಟ್ಟಿ ಎಲ್ಲಾ ಟ್ರಂಕಿನಲ್ಲಿ ತಾನೇ ಎತ್ತಿಟ್ಟಿದ್ಲು. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕೋಳು. "ಶರಣರ ಗುಣ ಮರಣದಲ್ಲಿ ಕಾಣು" ಅನ್ನೋ ಗಾದೆ ಸುಮ್ನೆ ಹುಟ್ಟಿದ್ದಲ್ಲ. ಮರಣ ಬಂದದ್ದೇ ಗೊತ್ತಾಗದ ಹಾಗೆ ಮಾಡಿದ್ರೆ ಆ ಗುಣ ತೋರಿಸೋಕೆ ಅವಕಾಶ ಎಲ್ಲಿ?

ಹಳೇಪೇಟೆ:
ಹೆಂಗೆ ಹೇಳಿದ್ರು ಅಂತ ಕೇಳಿದ್ಯಲ್ಲ ತಾಯಿ. ಇಷ್ಟು ವರ್ಷದಾಗೆ ಯಾರೂ ಕೇಳಿರಲಿಲ್ಲ. ಕಾರಿಡಾರಿನಾಗೆ ನಿಂತು, ಫೈಲು ನೋಡ್ಕೊಂತಾನೇ ಒಬ್ಬರು ಹೇಳಿ ಮುಂದಕ ಹೋದ್ರು. ಆಮ್ಯಾಲೆ ಮನಿಯಾಗೆ ಯಾರೂ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಹನ್ನೊಂದು ದಿನ ಅವನ ಪಕ್ಕ ಕುಂತು ಮಳಿ, ಬೆಳಿ, ಮೆಕ್ಕೆಜೋಳದ ರೇಟು ಮಾತಾಡಿದ್ವಿ. ಗೋಡೆ ಕಡೆ ತಿರುಗದೆ ಅವನಾದ್ರೂ ಏನ್ ಮಾಡ್ಬೇಕಿತ್ತು.

ಬ್ರಹ್ಮಗಿರಿ ಮೇಷ್ಟ್ರು (ಮೊಳಕಾಲ್ಮೂರು):
ಕಾಕಾ ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ನಾನು ಇತಿಹಾಸ ಪಾಠ ಮಾಡುವವನು. ನಮ್ಮೂರ ಬಳಿಯ ಬ್ರಹ್ಮಗಿರಿಯ ಅಶೋಕನ ಶಾಸನಕ್ಕೆ ಪ್ರತಿ ವರ್ಷ ಮಕ್ಕಳನ್ನು ಕರೆದೊಯ್ಯುತ್ತೇನೆ. 1892ರಲ್ಲಿ ಶಾಸನ ಸಂಶೋಧಕ ಬಿ.ಎಲ್. ರೈಸ್ ಸಾಹೇಬರು ಬೆಳಕಿಗೆ ತಂದದ್ದು. ಅದರ ಕೊನೆಯ ಭಾಗದಲ್ಲಿ ಮೂರು ಮಾತು ಒಂದರ ಹಿಂದೊಂದು ಬರುತ್ತವೆ: ತಂದೆತಾಯಿಯ ಸೇವೆ ಮಾಡಬೇಕು, ಜೀವಿಗಳಲ್ಲಿ ದಯೆ ಗಟ್ಟಿಯಾಗಿರಬೇಕು, ಸತ್ಯ ನುಡಿಯಬೇಕು. ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಈ ಮೂರೂ ಒಂದಕ್ಕೊಂದು ಅಡ್ಡ ನಿಲ್ಲುವ ದಿನವೂ ಬರುತ್ತದೆ ಎಂದು ಈ ಪ್ರಶ್ನೆ ಓದುವ ತನಕ ಹೊಳೆದಿರಲಿಲ್ಲ. ಶೇಂಗಾಹೊಲದವರು ಸೇವೆ ಮಾಡುತ್ತಿದ್ದಾರೆ, ದಯೆಯಿಂದಲೇ ಸುಳ್ಳು ಹೇಳಿದ್ದಾರೆ. ನಾಲಗೆಗೆ ಬಂದ ಆ ಸುಳ್ಳನ್ನು ನಾನು ತಪ್ಪೆನ್ನಲಾರೆ. ಆದರೆ ಮೂರು ವಾರ ಅದನ್ನು ಸಾಕುವುದು ಬೇರೆ.

ಅದೇ ಜಾಗದಲ್ಲಿ 1947ರಲ್ಲಿ ಪುರಾತತ್ವಜ್ಞ ವೀಲರ್ ಉತ್ಖನನ ಮಾಡಿದಾಗ ನವಶಿಲಾಯುಗದ ಜನ ಎಳೆಗೂಸುಗಳನ್ನು ಮಡಕೆಯಲ್ಲಿಟ್ಟು ತಾವು ಬದುಕುವ ಜಾಗದಲ್ಲೇ ಹೂತದ್ದು ಕಂಡಿತು. ಆಮೇಲಿನ ಕಬ್ಬಿಣದ ಕಾಲದವರದು ಕಲ್ಲುಚಪ್ಪಡಿಯ ಗೋರಿ, ಚಪ್ಪಡಿಯಲ್ಲೊಂದು ದುಂಡು ಕಿಂಡಿ, ಒಳಗೆ ಮಡಕೆ, ಕಬ್ಬಿಣದ ಸಾಮಾನು. ಆ ಕಿಂಡಿ ಕಂಡಾಗಲೆಲ್ಲ ನನಗೆ, ಇವರು ಸತ್ತವರ ಜೊತೆಗೂ ಮಾತು ನಿಲ್ಲಿಸಿರಲಿಲ್ಲವೇನೋ ಅನಿಸುತ್ತದೆ. ಇದು ನನ್ನ ಭಾವನೆ, ಪುರಾತತ್ವದ ತೀರ್ಮಾನವಲ್ಲ. ನಾವೋ, ಬದುಕಿರುವವರ ಜೊತೆಗೇ ಮಾತು ನಿಲ್ಲಿಸುತ್ತಿದ್ದೇವೆ.

ತತ್ವಜಿಜ್ಞಾಸು:
ಸಿಸ್ಟರ್, ಕಾಕಾ, ನಾನು ಅವಸರಪಟ್ಟೆ. ಯಕ್ಷಪ್ರಶ್ನೆಯಲ್ಲಿ ಧರ್ಮರಾಯ ಹೇಳ್ತಾನಲ್ಲ, ದಿನವೂ ಜೀವಿಗಳು ಯಮನ ಮನೆಗೆ ಹೋಗ್ತಿದ್ರೂ ಉಳಿದವರು ತಾವು ಶಾಶ್ವತ ಅಂದ್ಕೋತಾರೆ, ಇದಕ್ಕಿಂತ ಆಶ್ಚರ್ಯ ಇನ್ನೇನು ಅಂತ. "ಸಾಯುತ್ತಾರೆ" ಅನ್ನೋದು ಎಲ್ಲರಿಗೂ ಗೊತ್ತು. "ಸಾಯುತ್ತೇನೆ" ಅನ್ನೋದು ಬೇರೆಯೇ ಅರಿವು, ಅದನ್ನ ಯಾರೂ ಇನ್ನೊಬ್ಬರಿಗೆ ವಿವರಿಸೋಕಾಗಲ್ಲ. ನಾನು ಓದಿದ್ದೆಲ್ಲ ಮೊದಲನೇದು. ಆದರೂ ಕೇಳ್ತೀನಿ: ತಿಳಿಯುವ ಹಕ್ಕಿರುವ ಹಾಗೆ, ತಿಳಿಯದೆ ಇರುವ ಹಕ್ಕೂ ಇರಬೇಕಲ್ಲವಾ?

ರಾತ್ರಿಪಾಳಿ:
ಇದೆ. ಅದಕ್ಕೇ ಹೇಳೋದು, ಮೊದಲು ಅವರನ್ನೇ ಕೇಳಿ ಅಂತ. "ಎಷ್ಟು ಹೇಳಲಿ?" ಅನ್ನಿ. ಬೇಡ ಅಂದ್ರೆ ಅಲ್ಲಿಗೆ ನಿಲ್ಲಿಸಿ, ಪಕ್ಕದಿಂದ ಎದ್ದುಹೋಗಬೇಡಿ. ನೋವಿಗೆ ಮಾರ್ಫಿನ್ ಮಾತ್ರೆ ಇದೆ. ತಿಳಿದವರು ಅಳತೆ ನೋಡಿ ಕೊಟ್ರೆ ಅದು ಆಯಸ್ಸು ಕಡಿಮೆ ಮಾಡೋದಿಲ್ಲ. ಕೊನೇ ಗಂಟೆಗಳಲ್ಲಿ ಕಣ್ಣು ಬಿಡದಿದ್ರೂ ಮಾತಾಡಿಸ್ತಾ ಇರಿ. ಕೆನಡಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರಜ್ಞೆ ತಪ್ಪಿದ ಕೆಲವರ ಮೆದುಳು ಕೊನೇ ಗಂಟೆಗಳಲ್ಲೂ ಶಬ್ದಕ್ಕೆ ಸ್ಪಂದಿಸಿತ್ತು. ಅವರಿಗೆ ಅರ್ಥ ಆಗ್ತಿತ್ತಾ ಅನ್ನೋದು ಅದರಿಂದ ಗೊತ್ತಾಗಲ್ಲ. ಆದ್ರೂ ನಾನು ಹೆಸರು ಹಿಡಿದೇ ಮಾತಾಡಿಸ್ತೀನಿ.

ಹಳೇಪೇಟೆ:
ತಮ್ಮಾ ಶೇಂಗಾಹೊಲ, ಹೇಳಬ್ಯಾಡ ಅಂದಿದ್ನಲ್ಲ, ಆ ಮಾತು ವಾಪಸ್ ತಗೊಂಡೀನಿ. ಕುಂತು ಹೇಳು. ಕೈ ಹಿಡ್ಕೊಂಡು ಹೇಳು.

ಶೇಂಗಾಹೊಲ:
ನಾಲ್ಕು ದಿನ ಆದ ಮೇಲೆ ಬರೀತಿದೀನಿ. ಕೊಟ್ಟಿಗೆ ಹತ್ತಿರ ಇಬ್ಬರೇ ಇದ್ವಿ. "ಅಪ್ಪ, ಡಾಕ್ಟರು ಅಂದಿದ್ದನ್ನ ನಾನು ಪೂರ್ತಿ ಹೇಳಿಲ್ಲ. ಎಷ್ಟು ಹೇಳಲಿ?" ಅಂದೆ. ತುಂಬಾ ಹೊತ್ತು ಎಮ್ಮೆ ಕಡೆ ನೋಡ್ತಾ ಇದ್ರು. "ಕಾಯಿಲೆ ಹೆಸರು ಹೇಳು. ದಿನದ ಲೆಕ್ಕ ಬೇಡ" ಅಂದ್ರು. ಹೇಳಿದೆ. ನಾನು ಅತ್ತೆ, ಅವರು ಅಳಲಿಲ್ಲ. "ನಿಮ್ಮಮ್ಮನಿಗೆ ಗೊತ್ತಾ?" ಅಂದ್ರು. ಇಲ್ಲ ಅಂದೆ. "ನಾನೇ ಹೇಳ್ತೀನಿ" ಅಂದ್ರು. ಆ ರಾತ್ರಿ ಇಬ್ಬರೂ ಜಗಲಿ ಮೇಲೆ ಬಹಳ ಹೊತ್ತು ಕೂತಿದ್ರು, ನಾನು ಹತ್ತಿರ ಹೋಗಲಿಲ್ಲ.

ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಕಾಕಾ ಹೇಳಿದ್ದು ನೆನಪಾಗಿ ಎದೆ ಹೊಡ್ಕೊಂಡಿತ್ತು. ನಿನ್ನೆ ಬೆಳಿಗ್ಗೆ ತಮ್ಮನನ್ನ ಕೂಗಿ ಕರೆದು ಶೇಂಗಾ ಚೀಲಗಳನ್ನ ಬಿಚ್ಚಿಸಿದ್ರು. "ಬೀಜಕ್ಕೆ ಇಟ್ಟಿದ್ದನ್ನ ಕಾಯಲ್ಲೇ ಇಡಿ. ಮಳೆ ಬೀಳೋ ಹೊತ್ತಿಗೆ ಒಡೀರಿ, ಈಗಲೇ ಒಡೆದ್ರೆ ಮೊಳಕೆ ಬರಲ್ಲ" ಅಂತ ಒಂದೊಂದೇ ಕಾಯಿ ಅಲ್ಲಾಡಿಸಿ ತೋರಿಸ್ತಾ ಕೂತಿದ್ರು. ಮಧ್ಯಾಹ್ನ ಅರ್ಧ ಮುದ್ದೆ ಉಂಡ್ರು.