ತಲೆಗೆ ಪೆಟ್ಟು ಬಿದ್ದ ಮೇಲೆ ಬಂದ ಸಿಟ್ಟು: ಮಾತ್ರೆ ಕೊಡಿಸಬೇಕಾ, ಸಹಿಸಿಕೊಳ್ಳಬೇಕಾ?

ಹಾಸನದ ಗೃಹಿಣಿ:
ಎಂಟು ತಿಂಗಳ ಹಿಂದೆ ನಮ್ಮ ಯಜಮಾನರು ಬೈಕಿನಿಂದ ಬಿದ್ದರು. ಹೆಲ್ಮೆಟ್ ಇತ್ತು, ಪಟ್ಟಿ ಹಾಕಿರಲಿಲ್ಲ. ಹಣೆಯ ಹಿಂದೆ ರಕ್ತ ಹೆಪ್ಪುಗಟ್ಟಿ ಆಪರೇಷನ್ ಆಯಿತು. ಈಗ ನಡೆಯುತ್ತಾರೆ, ಮಾತಾಡುತ್ತಾರೆ. ನೋಡಿದವರೆಲ್ಲ 'ಹುಷಾರಾಗಿಬಿಟ್ಟರಲ್ಲ' ಅಂತಾರೆ. ಆದರೆ ಒಂದು ದಿನ ದನಿ ಏರಿಸದಿದ್ದ ಮನುಷ್ಯ ಈಗ ತಟ್ಟೆ ಎಸೆಯುತ್ತಾರೆ. ಮೊನ್ನೆ ಯಾರೋ ಸಾಲ ಕೇಳಿದರು ಅಂತ ಜೇಬಲ್ಲಿದ್ದಷ್ಟೂ ಕೊಟ್ಟು ಬಂದರು. ಅತ್ತೆ 'ನೀನೇ ಕೆಣಕ್ತೀಯ' ಅಂತಾರೆ. ಡಿಸ್ಚಾರ್ಜ್ ಆಗುವಾಗ ಹೊಲಿಗೆ ಯಾವಾಗ ಬಿಚ್ಚಬೇಕು ಅಂತ ಹೇಳಿದರು, ಇದನ್ನು ಯಾರೂ ಹೇಳಲಿಲ್ಲ. ಏನು ಮಾಡಲಿ?

ರಾಗಿಮುದ್ದೆ:
ರಾತ್ರಿ ಒಂದು ನಿದ್ದೆ ಮಾತ್ರೆ ಹಾಕಿ, ತಣ್ಣಗಾಗ್ತಾರೆ. ನಮ್ಮ ಮಾವನಿಗೆ ಹಾಗೇ ಮಾಡಿದ್ವಿ.

ವಾರ್ಡಿನ ಅಕ್ಕ:
ಅಣ್ಣ, ದಯವಿಟ್ಟು ಹೀಗೆ ಹೇಳಬೇಡಿ. ನಾನು ನರರೋಗ ವಾರ್ಡಿನಲ್ಲಿ ನರ್ಸ್. ಡಯಾಜೆಪಾಮ್, ಲೋರಾಜೆಪಾಮ್ ಥರದ ನಿದ್ದೆ ಮಾತ್ರೆಗಳು ಇಂಥವರಲ್ಲಿ ಕೆಲವೊಮ್ಮೆ ಉಲ್ಟಾ ಹೊಡೆಯುತ್ತವೆ, ಇದ್ದ ಹಿಡಿತವೂ ಸಡಿಲವಾಗುತ್ತದೆ. ಹಣೆಯ ಹಿಂದಿನ ಮೆದುಳಿನ ಭಾಗವೇ ನಮಗೆ 'ತಡಿ, ಯೋಚಿಸು' ಅನ್ನೋದು. ಪೆಟ್ಟು ಬಿದ್ದಿರುವುದು ಅಲ್ಲಿಗೇ. ಸಿಟ್ಟು, ದುಡ್ಡು ಕೊಟ್ಟು ಬರೋದು, ಎರಡರ ಬೇರೂ ಒಂದೇ.

ತಂಗಿ, ಒಂದು ಕೇಳ್ತೀನಿ. ಫಿಟ್ಸ್ ಬರದಿರಲಿ ಅಂತ ಲೆವೆಟಿರಾಸಿಟಮ್ ಕೊಟ್ಟಿದ್ದಾರಾ? ಒಳ್ಳೆಯ ಔಷಧಿ, ಆದರೆ ಕೆಲವರಿಗೆ ಅದರಿಂದಲೇ ಸಿಡುಕು ಬರುತ್ತದೆ. ನೀವಾಗಿ ನಿಲ್ಲಿಸಬೇಡಿ, ಫಿಟ್ಸ್ ಬಂದೀತು. ಡಾಕ್ಟರಿಗೆ ಹೇಳಿದರೆ ಬದಲಿಸಬಹುದು. ಹಾಗೇ ತಲೆನೋವು, ಮಲಬದ್ಧತೆ, ನಿದ್ದೆಗೇಡು ಇದೆಯಾ ನೋಡಿ. ನೋವು ಹೇಳಿಕೊಳ್ಳಲು ಬಾರದವರು ಕೂಗಾಡುತ್ತಾರೆ. ಮದ್ಯ ಮಾತ್ರ ಬೇಡವೇ ಬೇಡ.

ಎರಡನೇ ಇನ್ನಿಂಗ್ಸ್:
ನಾನು ಪೆಟ್ಟು ತಿಂದವನು. ಒಳಗಿನಿಂದ ಹೇಗಿರುತ್ತೆ ಹೇಳ್ತೀನಿ. ಕುಕ್ಕರ್ ಕೂಗ್ತಿದೆ, ಟೀವಿ ಓಡ್ತಿದೆ, ಮಗು ಅಳ್ತಿದೆ. ಅಷ್ಟರಲ್ಲಿ ಹೆಂಡತಿ 'ಊಟ ಹಾಕ್ಲಾ? ಸಾರಾ, ಹುಳಿನಾ? ಕರೆಂಟ್ ಬಿಲ್ ಕಟ್ಟಿದ್ರಾ?' ಅಂತಾಳೆ. ಮೂರು ಪ್ರಶ್ನೆ, ಒಂದಕ್ಕೂ ತಲೆ ಓಡಲ್ಲ. ತಟ್ಟೆ ಯಾವಾಗ ಹಾರಿತು ಅಂತ ನನಗೇ ತಿಳಿಯುತ್ತಿರಲಿಲ್ಲ. ಆಮೇಲೆ ಸಾರು ಒರೆಸುವಾಗ ಅಳು ಬರುತ್ತಿತ್ತು.

ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. ಉತ್ತರಕ್ಕೆ ಕಾಯಿರಿ. ಸಿಟ್ಟಿನ ಮಧ್ಯೆ ವಾದ ಬೇಡ. 'ಹತ್ತು ನಿಮಿಷ ಬಿಟ್ಟು ಬರ್ತೀನಿ' ಅಂತ ಹೇಳಿ ಆಚೆ ಹೋಗಿ, ಹೇಳಿದ ಹಾಗೆ ವಾಪಸ್ ಬನ್ನಿ. ಮತ್ತೆ ಒಂದು ನೋಟ್‌ಬುಕ್ ಇಡಿ: ಎಷ್ಟು ಗಂಟೆಗೆ, ಅದಕ್ಕೆ ಮುಂಚೆ ಏನಾಯ್ತು, ಹೇಗೆ ಇಳೀತು.

ನೇರಮಾತು:
ಎಲ್ಲ ಸರಿ, ಆದರೆ ಬೀದಿಯಲ್ಲಿ ಸಭ್ಯ, ಮನೆಯಲ್ಲಿ ಮಾತ್ರ ಹುಲಿ ಅಂದರೆ ಅನುಮಾನ ಬರಲ್ವಾ? ಮೆದುಳಿನ ಹೆಸರಲ್ಲಿ ಹೆಂಗಸರು ಹೊಡೆಸಿಕೊಳ್ಳಬೇಕಾ?

ಎರಡನೇ ಇನ್ನಿಂಗ್ಸ್:
ಹೊರಗೆ ಅರ್ಧ ಗಂಟೆ ಬಿಗಿಹಿಡಿದುಕೊಂಡಿದ್ದು ಮನೆ ಹೊಸ್ತಿಲಲ್ಲಿ ಖಾಲಿಯಾಗಿರುತ್ತೆ ಸಾರ್. ನಾಟಕ ಅಲ್ಲ. ಹೊಡೆಸಿಕೊಳ್ಳಿ ಅಂತಲೂ ನಾನು ಹೇಳಲ್ಲ.

ವಾರ್ಡಿನ ಅಕ್ಕ:
ನೇರಮಾತು ಅವರ ಎರಡನೇ ಮಾತನ್ನು ನಾನು ಒಪ್ತೀನಿ. ಕಾರಣ ಗೊತ್ತಾದ ಮಾತ್ರಕ್ಕೆ ಪೆಟ್ಟು ನೋಯದೇ ಇರುತ್ತಾ? ಕೈ ಎತ್ತಿದರೆ ಮಕ್ಕಳನ್ನು ಕರೆದುಕೊಂಡು ಆಚೆ ಹೋಗಿ. ಯಾರ ಮನೆಗೆ ಅಂತ ಈಗಲೇ ಗೊತ್ತುಮಾಡಿಕೊಳ್ಳಿ. ಚಾಕು, ಬೈಕ್ ಕೀ ಕೈಗೆ ಸಿಗದಂತೆ ಇಡಿ. ಜೇಬಿನಲ್ಲಿ ಆ ದಿನಕ್ಕೆ ಬೇಕಾದಷ್ಟೇ ದುಡ್ಡಿರಲಿ.

ಹಳೇ ಮೇಷ್ಟ್ರು:
ಫಿನಿಯಾಸ್ ಗೇಜ್ ಕಥೆ ಕೇಳಿದ್ದೀರಾ? 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ಹಾದಿಗೆ ಬಂಡೆ ಸಿಡಿಸುತ್ತಿದ್ದಾಗ ಕಬ್ಬಿಣದ ಸಲಾಕೆ ಅವನ ಕೆನ್ನೆಯಿಂದ ತೂರಿ ನೆತ್ತಿಯಲ್ಲಿ ಹೊರಬಂತು. ಬದುಕಿದ, ಆದರೆ 'ಇವನು ಗೇಜ್ ಅಲ್ಲ' ಅಂದರು ಗೆಳೆಯರು. ಎಲ್ಲರೂ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಆಮೇಲೆ ಅವನು ಚಿಲಿಗೆ ಹೋಗಿ ವರ್ಷಗಟ್ಟಲೆ ಕುದುರೆ ಗಾಡಿ ಓಡಿಸಿದ. ದಿನಾ ಅದೇ ಕೆಲಸ, ಅದೇ ದಾರಿ. ಆ ಕ್ರಮವೇ ಅವನನ್ನು ಹಿಡಿದು ನಿಲ್ಲಿಸಿರಬೇಕು ಅಂತ ನನಗನ್ನಿಸುತ್ತೆ.

ರಾಗಿಮುದ್ದೆ:
ಹಾಗಾದ್ರೆ ಮಾತ್ರೆಯೇ ಬೇಡ್ವಾ?

ವಾರ್ಡಿನ ಅಕ್ಕ:
ಬೇಕಾಗಬಹುದು ಅಣ್ಣ. ಬಿಪಿಗೆ ಕೊಡುವ ಪ್ರೊಪ್ರನಲಾಲ್ ಈ ಸಿಟ್ಟಿಗೆ ಕೆಲವರಲ್ಲಿ ಕೆಲಸ ಮಾಡುತ್ತದೆ, ಆದರೆ ಆಸ್ತಮಾ ಇದ್ದವರಿಗೆ ಕೊಡುವಂತಿಲ್ಲ. ಯಾವುದು, ಎಷ್ಟು ಅನ್ನೋದು ಡಾಕ್ಟರ ಕೆಲಸ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗೆ ಪುನರ್ವಸತಿ ವಿಭಾಗವೇ ಇದೆ. ತಂಗಿ, ನಿಮಗೇ ತಡೆಯಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಹಾಸನದ ಗೃಹಿಣಿ:
ಹತ್ತು ದಿನ ಬರೆದೆ. ಆರು ಸಲ ಸಿಟ್ಟು ಬಂದಿದೆ, ಐದು ಸಲ ಸಂಜೆ ಏಳರಿಂದ ಎಂಟರ ಒಳಗೆ. ಅಂದರೆ ಅತ್ತೆಯ ಧಾರಾವಾಹಿ, ನನ್ನ ಕುಕ್ಕರ್, ಮಗನ ಹೋಮ್‌ವರ್ಕ್, ಎಲ್ಲ ಒಟ್ಟಿಗೆ ನಡೆಯುವ ಹೊತ್ತು. ಈಗ ಅಡುಗೆ ಆರಕ್ಕೇ ಮುಗಿಸ್ತೀನಿ. ಅಕ್ಕ, ನೀವು ಕೇಳಿದ ಆ ಫಿಟ್ಸ್ ಮಾತ್ರೆಯೇ, ಲೆವೆಟಿರಾಸಿಟಮ್, ಚೀಟಿಯಲ್ಲಿದೆ, ಸೋಮವಾರ ಡಾಕ್ಟರಿಗೆ ನೋಟ್‌ಬುಕ್ ತೋರಿಸ್ತೀನಿ. ಅತ್ತೆಗೂ ತೋರಿಸಿದೆ. ಏನೂ ಅನ್ನಲಿಲ್ಲ, ಟೀವಿ ಸೌಂಡ್ ಸ್ವಲ್ಪ ಕಮ್ಮಿ ಮಾಡಿದರು. ಆಫ್ ಮಾಡಲಿಲ್ಲ ಅನ್ನಿ.