ಹಳೇ ಹೈವೇ ಬೈಕ್ ಕಾಟ: ನಮ್ಮ ಬೀದಿ ಗುಂಪು, ಚನ್ನಪಟ್ಟಣ

ಭಾನುವಾರ

ಮೂಲೆ ಮನೆ ಅಕ್ಕ, ಬೆಳಗಿನ ಜಾವ 2.47
ಎಲ್ಲರೂ ಎದ್ದಿದ್ದೀರಿ ಅಂತ ಗೊತ್ತು. ಸುಮ್ನೆ ಮುಸುಕು ಹಾಕಿಕೊಂಡು ಮಲಗಿದ ಹಾಗೆ ನಟಿಸಬೇಡಿ. ಮತ್ತೆ ಅವನೇ. ಕಮಾನಿನಿಂದ ಮೋರಿವರೆಗೆ, ಮೋರಿಯಿಂದ ಕಮಾನಿನವರೆಗೆ, ಇದು ಐದನೇ ಸಲ. ಬೇಕಂತಲೇ ಸೈಲೆನ್ಸರಿನಲ್ಲಿ ಪಟಾಕಿ ಹೊಡೆಸುತ್ತಿದ್ದಾನೆ. ನಮ್ಮ ಮಾವನವರು ಎದ್ದು ಕೂತು ಎದೆ ನೀವಿಕೊಳ್ಳುತ್ತಿದ್ದಾರೆ. ಹೋದ ತಿಂಗಳು ನಾನು ಹೇಳಿದಾಗ "ಹುಡುಗು ಬುದ್ಧಿ, ಬಿಡಿ" ಅಂದವರು ಯಾರು? ಈಗ ಬಂದು ಇವರ ಪಕ್ಕ ಕೂತುಕೊಳ್ಳಿ.

ಮೂಲೆ ಮನೆ ಅಕ್ಕ, 2.53
ಬೈಯೋಣ ಅಂತ ಗೇಟಿಗೆ ಹೋದೆ. ಕೈ ಬೀಸಿ ಟಾಟಾ ಮಾಡಿಕೊಂಡು ಹೋದ!!

ಮೂಲೆ ಮನೆ ಅಕ್ಕ, 2.58
ಢಮಾರ್ ಅಂತು. ಆಮೇಲೆ ಸದ್ದೇ ಇಲ್ಲ. ಯಾರಾದರೂ ಗಂಡಸರು ಹೋಗಿ ನೋಡಿ. ಭಯ ಆಗುತ್ತಿದೆ.

ಲೇತ್ ಭಾಯ್, 3.21
ನಾನು ಹೋಗಿ ಎತ್ತಿದೆ. ಹುಡುಗ ಚೆನ್ನಾಗಿದ್ದಾನೆ. ಮೊಣಕೈ ತರಚಿದೆ, ಪಾದ ಊದಿದೆ. ಬೈಕು ಮೋರಿಯೊಳಗಿದೆ. ನನ್ನ ವರ್ಕ್‌ಶಾಪಿನ ಮುಂದೆ ಒಣಗಲು ಜೋಡಿಸಿದ್ದ, ಬೊಂಬೆ ಮಾಡುವ ಆಲೆ ಮರದ ರಾಶಿಗೆ ಗುದ್ದಿದ್ದಾನೆ. ಅದು ಇರಲಿಲ್ಲ ಅಂದರೆ ಗೋಡೆಗೇ ಹೋಗುತ್ತಿದ್ದ. ಅರ್ಧ ಮರ ಕೊಚ್ಚೆ ನೀರಿಗೆ ಬಿದ್ದು ಹಾಳಾಯಿತು.

ಹಾಲಿನ ಬೂತ್, 4.50
ಶುಭೋದಯ. ಇವತ್ತು ಹಾಲು ಅರ್ಧ ಗಂಟೆ ಲೇಟು. ಮೋರಿ ಹತ್ತಿರ ಬೈಕ್ ನೋಡಲು ಜಾತ್ರೆ ಸೇರಿದೆ.

ಸಂಘದ ಅಧ್ಯಕ್ಷರು, 6.30
ಆತ್ಮೀಯ ನಿವಾಸಿಗಳೇ. ಘಟನೆಯನ್ನು ಖಂಡಿಸುತ್ತೇನೆ. ಆದರೆ ಮೂಲ ಕಾರಣ ಏನು? ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ! 2023ರ ಮಾರ್ಚ್ 12ಕ್ಕೆ ಉದ್ಘಾಟನೆ ಆದ ದಿನವೇ ನಾನು ಹೇಳಿದ್ದೆ, ನಮ್ಮ ಊರು ಮೂಲೆಗೆ ಬೀಳುತ್ತದೆ ಅಂತ. ಬೈಪಾಸ್ ಬಂತು, ಬಸ್ಸು ಕಾರು ಎಲ್ಲ ಮೇಲೆ ಹೋದವು. ಹಳೇ ರಸ್ತೆ ಖಾಲಿ ಹೊಡೆಯುತ್ತಿದೆ. ಖಾಲಿ ರಸ್ತೆ ಕಂಡರೆ ಇಂಥವರಿಗೆ ಕಾಲು ಕೆರೆಯುತ್ತದೆ.

ಟೀ ಅಂಗಡಿ, 6.41
ಆ ದಿನ ನೀವು ಉದ್ಘಾಟನೆಗೆ ಮಂಡ್ಯಕ್ಕೆ ಹೋಗಿ ಫೋಟೋ ತೆಗೆಸಿಕೊಂಡು ಇದೇ ಗುಂಪಿಗೆ ಹಾಕಿದ್ದಿರಿ ಅಧ್ಯಕ್ಷರೇ.

ಸಂಘದ ಅಧ್ಯಕ್ಷರು, 6.43
ಅದು ಬೇರೆ ವಿಷಯ. ವಿಷಯಾಂತರ ಬೇಡ. ನಿಮ್ಮ ಅಂಗಡಿ ರಾತ್ರಿ ಎಷ್ಟು ಹೊತ್ತಿಗೆ ಮುಚ್ಚುತ್ತೀರಿ, ಅದನ್ನು ಮೊದಲು ಹೇಳಿ. ಬೈಕಿನ ಹುಡುಗರು ಸೇರುವುದೇ ಅಲ್ಲಿ.

ಟೀ ಅಂಗಡಿ, 6.55
9ಕ್ಕೆ ಮುಚ್ಚುತ್ತೇನೆ ಸ್ವಾಮಿ. ಮೈಸೂರು ಬಸ್ಸುಗಳು ನಿಲ್ಲುತ್ತಿದ್ದ ಕಾಲದಲ್ಲಿ ಇಡೀ ರಾತ್ರಿ ಒಲೆ ಆರುತ್ತಿರಲಿಲ್ಲ. ಈಗ ಸಂಜೆ ಎರಡು ಲೀಟರ್ ಹಾಲು ಮಿಕ್ಕಿ ಮನೆಗೆ ಒಯ್ದು ಮೊಸರು ಮಾಡುತ್ತೇನೆ. ಮುಚ್ಚಿದ ಅಂಗಡಿ ಮುಂದೆ ಯಾರು ನಿಂತರೆ ನಾನೇನು ಮಾಡಲಿ?

ಮಹಡಿ ಮನೆ (ಬೆಂಗಳೂರಲ್ಲಿದ್ದೇನೆ), 7.10
ಬೆಳಗ್ಗೆ ಬರೀ ಹೊಟ್ಟೆಯಲ್ಲಿ ಮೆಂತ್ಯ ನೀರು ಕುಡಿದರೆ 21 ಲಾಭ. ಹತ್ತು ಜನಕ್ಕೆ ಕಳಿಸಿ 🙏

ರಿಟೈರ್ಡ್ ಮೇಷ್ಟ್ರು, 7.32
ಕಾನೂನು ತಿಳಿದು ಮಾತಾಡೋಣ. ಮೋಟಾರು ವಾಹನ ಕಾಯ್ದೆ ಕಲಂ 189, ರಸ್ತೆಯಲ್ಲಿ ರೇಸ್: ಮೊದಲ ಸಲ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2019ರ ತಿದ್ದುಪಡಿಯಲ್ಲಿ 199ಎ ಬಂತು. 18 ತುಂಬದ ಮಕ್ಕಳು ಓಡಿಸಿ ತಪ್ಪು ಮಾಡಿದರೆ ಅಪ್ಪನಿಗೋ ಗಾಡಿ ಮಾಲೀಕನಿಗೋ 25,000 ದಂಡ, ಮೂರು ವರ್ಷದವರೆಗೆ ಜೈಲು.

ಮೂಲೆ ಮನೆ ಅಕ್ಕ, 7.35
ಅವರ ಅಪ್ಪನಿಗೇ ಹಾಕಿಸಿ ಮೇಷ್ಟ್ರೇ. ಬೆಂಗಳೂರಲ್ಲಿ ತಡೆಯಲಾಗದ ಮಗನನ್ನು ನಮ್ಮ ಬೀದಿಗೆ ತಂದು ಬಿಟ್ಟಿದ್ದಾರೆ.

ಹಂಚಿನ ಮನೆ ಅಜ್ಜಿ, 8.05
(ಅಜ್ಜಿ ಹೇಳುತ್ತಿದ್ದಾರೆ, ಬರೆಯುತ್ತಿರುವುದು ಪಕ್ಕದ ಮನೆಯವಳು) ನನ್ನ ಮೊಮ್ಮಗನಿಗೆ 19 ತುಂಬಿದೆ. ತಪ್ಪು ಅವನದೇ. ಅಕ್ಕಯ್ಯ, ನಿನ್ನ ಮಾವನವರ ಹತ್ತಿರ ನಾನೇ ಬಂದು ಕ್ಷಮೆ ಕೇಳುತ್ತೇನೆ. ಹುಡುಗ ರಾತ್ರಿಯಿಂದ ಒಂದು ತುತ್ತು ತಿಂದಿಲ್ಲ.

ರಿಟೈರ್ಡ್ ಮೇಷ್ಟ್ರು, 8.09
19 ಆದರೆ 199ಎ ಅನ್ವಯಿಸುವುದಿಲ್ಲ.

ಹಾಲಿನ ಬೂತ್, 8.10
25,000 ಹೋಯಿತು ಮೇಷ್ಟ್ರೇ 😂

ಮೆಕ್ಯಾನಿಕ್ ತಮ್ಮ, 8.40
ಯುಗಾದಿಗೆ ಬಂದಾಗ ಚೈನು ಸಡಿಲ ಇದೆ ಅಂತ ನಾನೇ ಹೇಳಿದ್ದೆ. "ಮುಟ್ಟಬೇಡಿ, ಇದು ನೀವು ರಿಪೇರಿ ಮಾಡೋ ಮೊಪೆಡ್ ಅಲ್ಲ" ಅಂದ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿನಲ್ಲಿ ಎರಡು ಸಲ ಓಡಿಸಿದ್ದಾನಂತೆ. "ಈ ಊರು ಬೈಪಾಸ್ ಆಗಿದ್ದೇ ಒಳ್ಳೆಯದು, ಯಾರಿಗೂ ನಷ್ಟ ಇಲ್ಲ" ಅಂತಲೂ ಅಂದ. ಅದು ಮಾತ್ರ ಮನಸ್ಸಿಗೆ ನಾಟಿತು.

ಟೀ ಅಂಗಡಿ, 8.44
ಹಾಗಂದನಾ? ನನಗೆ ಸಿಗಲಿ.

ಸಂಘದ ಅಧ್ಯಕ್ಷರು, 9.15
ನಿರ್ಧಾರ: ಹಂಪ್ಸ್ ಹಾಕಿಸಬೇಕು. ಮೂರು ಕಡೆ. ಅರ್ಜಿ ನಾನೇ ಬರೆಯುತ್ತೇನೆ. ಎಲ್ಲರೂ ಸಹಿ ಹಾಕಿ.

ರಿಟೈರ್ಡ್ ಮೇಷ್ಟ್ರು, 9.22
ಮನಸ್ಸಿಗೆ ಬಂದ ಹಾಗೆ ಹಾಕುವಂತಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ ದುಂಡು ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ.

ಹಾಲಿನ ಬೂತ್, 9.24
ಅವನ ಟ್ರ್ಯಾಕು 3.7 ಕಿಲೋಮೀಟರ್, ನಮ್ಮ ಹಂಪು 3.7 ಮೀಟರ್. ಸರಿಹೋಯಿತು.

ಮಂಗಳವಾರ

ಸಂಘದ ಅಧ್ಯಕ್ಷರು, 11.05
ಆಫೀಸಿಗೆ ಹೋಗಿದ್ದೆ. ಹಳೇ ಹೈವೇ ತಮ್ಮದಲ್ಲ ಅಂದರು. ಇನ್ನೊಂದು ಆಫೀಸಿಗೆ ಹೋದೆ, ಅದು ಇನ್ನೂ ತಮ್ಮ ಕೈಗೆ ಬಂದಿಲ್ಲ ಅಂದರು. ಅರ್ಜಿ ಮಾತ್ರ ರೆಡಿ ಇದೆ. ಫೋಟೋ ಹಾಕಿದ್ದೇನೆ, ನೋಡಿ.

ರಿಟೈರ್ಡ್ ಮೇಷ್ಟ್ರು, 11.20
ವಿಳಾಸದಲ್ಲಿ ರಾಮನಗರ ಜಿಲ್ಲೆ ಅಂತ ಇದೆ. 2025ರಲ್ಲೇ ಬೆಂಗಳೂರು ದಕ್ಷಿಣ ಆಯಿತಲ್ಲ. ತಿದ್ದಿ.

ಟೀ ಅಂಗಡಿ, 11.26
ತಿದ್ದಬೇಡಿ. ನಾವು ರಾಮನಗರದವರೇ. ಬೆಂಗಳೂರಿಂದ 60 ಕಿಲೋಮೀಟರ್ ಇಲ್ಲಿ, ಯಾವ ದಕ್ಷಿಣ?

ಮಹಡಿ ಮನೆ (ಬೆಂಗಳೂರಲ್ಲಿದ್ದೇನೆ), 11.28
ಹೆಸರು ಬದಲಾದರೆ ಸೈಟಿಗೆ ರೇಟು ಬರುತ್ತದೆ. ಯಾಕೆ ಬೇಡ ಅನ್ನುತ್ತೀರಿ?

ಸಂಘದ ಅಧ್ಯಕ್ಷರು, 11.31
ಈ ಬಗ್ಗೆ ನನ್ನ ನಿಲುವು ಸ್ಪಷ್ಟವಾಗಿದೆ. ಐದು ಭಾಗಗಳಲ್ಲಿ ಹಾಕುತ್ತೇನೆ.

(ಐದಲ್ಲ, ಒಂಬತ್ತು ಭಾಗ ಬಂತು. ಮಧ್ಯಾಹ್ನ ಊಟದವರೆಗೆ ಜಿಲ್ಲೆಯ ಹೆಸರೇ ನಡೆಯಿತು.)

ಮೂಲೆ ಮನೆ ಅಕ್ಕ, 2.15
ಹಂಪ್ಸ್ ಏನಾಯಿತು?

ಗುರುವಾರ

ಲೇತ್ ಭಾಯ್, 6.50
ಎಲ್ಲರೂ ಕೇಳುತ್ತಿದ್ದೀರಿ, ಅದಕ್ಕೆ ಹೇಳುತ್ತಿದ್ದೇನೆ. ನಾನು ಕಂಪ್ಲೇಂಟ್ ಕೊಟ್ಟಿಲ್ಲ. ಅವರ ಅಪ್ಪ ದುಡ್ಡು ಕಳಿಸುತ್ತೇನೆ ಅಂದರು, ಅಜ್ಜಿ ಬೇಡ ಅಂದರು. "ಮರ ಹಾಳು ಮಾಡಿದವನು ಇವನು, ಇವನೇ ತೀರಿಸಲಿ" ಅಂತ ಕೈ ಹಿಡಿದು ಕರೆದುಕೊಂಡು ಬಂದು ಲೇತ್ ಮುಂದೆ ಕೂರಿಸಿ ಹೋದರು. ಊದಿದ ಕಾಲು ಸ್ಟೂಲಿನ ಮೇಲೆ, ಕೈಯಲ್ಲಿ ಉಳಿ.

ಟೀ ಅಂಗಡಿ, 6.58
ಹೇಗೆ ಮಾಡುತ್ತಾನೆ ಭಾಯ್?

ಲೇತ್ ಭಾಯ್, 7.15
ಮೊದಲ ದಿನ "ಈ ಮೋಟಾರಿಗೆ ಆರ್‌ಪಿಎಂ ಎಷ್ಟು, ಜಾಸ್ತಿ ಮಾಡಬಹುದಾ" ಅಂತ ಕೇಳಿದ. ಬುಗುರಿ ಕೊಟ್ಟೆ, ಅದು ಮಕ್ಕಳ ಪಾಠ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಬಿಸಿಗೇ ಕರಗಿ ಬಣ್ಣ ಹಿಡಿಯುತ್ತದೆ. ಇವನು ಜೋರಾಗಿ ಒತ್ತುತ್ತಾನೆ. ಅರಗು ಮುದ್ದೆಯಾಗಿ ಒಂದು ಕಡೆ ಕೂರುತ್ತದೆ, ಇನ್ನೊಂದು ಕಡೆ ಬೋಳು. ಕೈ ಹಗುರ ಬಿಡು ಅಂದರೆ ಬಿಡಲಾಗುವುದಿಲ್ಲ. ನಿನ್ನೆ ಹನ್ನೊಂದು ಬುಗುರಿ ಮಾಡಿದ. ಹನ್ನೊಂದೂ ಎರಡು ಸುತ್ತು ಸುತ್ತಿ ಮಗ್ಗುಲಾದವು. ನನ್ನ ತಂಗಿಯ ಮಗಳಿಗೆ ಆರು ವರ್ಷ. "ಅಣ್ಣ, ನಿಂದು ಯಾಕೆ ಬೀಳುತ್ತೆ?" ಅಂದಳು. ಹುಡುಗ ತಲೆ ಎತ್ತಲಿಲ್ಲ.

ಹಾಲಿನ ಬೂತ್, 7.17
ಅವನ ಥರಾನೇ ಅವನ ಬುಗುರಿ 😂😂

ಮೂಲೆ ಮನೆ ಅಕ್ಕ, 7.20
ನಗಬೇಡಿ. ಪಾಪ.

ಟೀ ಅಂಗಡಿ, 7.21
ಪಾಪನಾ? ಭಾನುವಾರ ಜೈಲಿಗೆ ಹಾಕಿಸಿ ಅಂದವರು ನೀವೇ ಅಲ್ವಾ ಅಕ್ಕ?

ಮೆಕ್ಯಾನಿಕ್ ತಮ್ಮ, 7.40
ಬೈಕಿನ ಮುಂದಿನ ಫೋರ್ಕು ಬಾಗಿದೆ. ಪಾರ್ಟ್ ಬರಲು ಮೂರು ವಾರ. ನಿನ್ನೆ ಅಂಗಡಿಗೆ ಕುಂಟಿಕೊಂಡು ಬಂದು ಹೊರಗೆ ನಿಂತಿದ್ದ. ಒಳಗೆ ಬಾ ಅನ್ನುವವರೆಗೂ ಬರಲಿಲ್ಲ. ಆಮೇಲೆ ಮೊಪೆಡ್ ಒಂದರ ಕಾರ್ಬುರೇಟರ್ ಬಿಚ್ಚುವುದನ್ನು ಒಂದು ಗಂಟೆ ನೋಡುತ್ತಾ ಕೂತಿದ್ದ.

ಸಂಘದ ಅಧ್ಯಕ್ಷರು, 8.00
ಸದಸ್ಯರ ಗಮನಕ್ಕೆ: ಈ ಗುಂಪು ವೈಯಕ್ತಿಕ ಕಥೆಗಳಿಗಲ್ಲ.

ಮೂರನೇ ಭಾನುವಾರ

ಹಂಚಿನ ಮನೆ ಅಜ್ಜಿ, ಸಂಜೆ 6.30
ನಮಸ್ಕಾರ. ಅಜ್ಜಿಯ ಫೋನಿನಿಂದ ನಾನೇ ಬರೆಯುತ್ತಿದ್ದೇನೆ. ಮೂಲೆ ಮನೆ ಆಂಟಿ, ಅವತ್ತು ಟಾಟಾ ಮಾಡಿದ್ದು ತಪ್ಪು. ಎದುರಿಗೆ ಬಂದು ಹೇಳಲು ಎರಡು ಸಲ ಗೇಟಿನವರೆಗೆ ಬಂದು ವಾಪಸ್ ಹೋದೆ. ಟೀ ಅಂಗಡಿ ಅಂಕಲ್, ಊರಿನ ಬಗ್ಗೆ ಆಡಿದ ಮಾತು ನಿಮಗೂ ಗೊತ್ತಾಗಿದೆ ಅಂತ ಕೇಳಿದೆ. ಇನ್ನೊಂದು ವಿಷಯ. ಮೋರಿ ಹತ್ತಿರದ ಕಂಬದ ಲೈಟು ಉರಿಯುವುದಿಲ್ಲ. ನಾನು ಬಿದ್ದಿದ್ದು ನನ್ನ ಸ್ಪೀಡಿಗೇ. ಆದರೆ ಈಗ ರಾತ್ರಿ ವರ್ಕ್‌ಶಾಪಿನಿಂದ ನಡೆದು ಬರುವಾಗ ಅಲ್ಲಿ ಏನೂ ಕಾಣುವುದಿಲ್ಲ. ಸೈಕಲಿನವರು ಬೀಳುತ್ತಾರೆ.

ಟೀ ಅಂಗಡಿ, 6.36
ನಾಳೆ ಅಂಗಡಿಗೆ ಬಾ. ಟೀ ಕುಡಿ. ಬೈಯೋದು ಬಾಕಿ ಇದೆ, ಅದನ್ನೂ ಮುಗಿಸುತ್ತೇನೆ.

ಸಂಘದ ಅಧ್ಯಕ್ಷರು, 6.40
ಲೈಟಿನ ಬಗ್ಗೆ ನಾನು ಎರಡು ವರ್ಷದಿಂದ ಹೋರಾಡುತ್ತಿದ್ದೇನೆ!!

ರಿಟೈರ್ಡ್ ಮೇಷ್ಟ್ರು, 6.42
ಒಮ್ಮೆಯೂ ಅರ್ಜಿ ಕೊಟ್ಟಿಲ್ಲ.

ಸಂಘದ ಅಧ್ಯಕ್ಷರು, 6.43
ಮೌಖಿಕವಾಗಿ ಹೇಳಿದ್ದೇನೆ ಮೇಷ್ಟ್ರೇ. ಹಂಪ್ಸ್ ಅರ್ಜಿಯ ಹಿಂದಿನ ಪುಟದಲ್ಲೇ ಲೈಟಿನದೂ ಬರೆದು ನಾಳೆ ಕೊಡುತ್ತೇನೆ.

ಮಹಡಿ ಮನೆ (ಬೆಂಗಳೂರಲ್ಲಿದ್ದೇನೆ), 6.50
ಶುಭ ಸಂಜೆ 🌹 ನಗುವೇ ಆರೋಗ್ಯದ ಗುಟ್ಟು.

ಶುಕ್ರವಾರ

ಸಂಘದ ಅಧ್ಯಕ್ಷರು, ಸಂಜೆ 7.05
ನಮ್ಮ ಹೋರಾಟಕ್ಕೆ ಜಯ! ಹೊಸ ಎಲ್‌ಇಡಿ ಲೈಟು ಬಂದಿದೆ. ಫೋಟೋ ನೋಡಿ. (ಏಣಿ ಹಿಡಿದಿರುವವರು ಕಾಣುತ್ತಿಲ್ಲ, ಕ್ಷಮಿಸಿ, ನಾನು ಅಡ್ಡ ಬಂದಿದ್ದೇನೆ.)

ಲೇತ್ ಭಾಯ್, 7.12
ಏಣಿ ಹಿಡಿದಿದ್ದು ಹುಡುಗ. ಇವತ್ತು ಅವನ ಬುಗುರಿ ಒಂದು ನಿಮಿಷದ ಹತ್ತಿರ ನಿಂತಿತು.

ಹಾಲಿನ ಬೂತ್, 7.13
ಹಂಪ್ಸ್?

ಶನಿವಾರ

ಮೂಲೆ ಮನೆ ಅಕ್ಕ, ಬೆಳಗಿನ ಜಾವ 1.38
ಯಾರಾದರೂ ಎದ್ದಿದ್ದೀರಾ? ಹೊಸ ಲೈಟು ನೇರವಾಗಿ ನಮ್ಮ ಮಾವನವರ ಕೋಣೆಗೆ ಬೀಳುತ್ತಿದೆ. ಪರದೆ ಹಾಕಿದರೂ ಹಗಲಾದ ಹಾಗಿದೆ. ಬೆಳಗಾಯಿತು, ಕಾಫಿ ಕೊಡು ಅಂತ ಎದ್ದು ಕೂತಿದ್ದಾರೆ. ಆ ಏಣಿ ಈಗ ಯಾರ ಮನೆಯಲ್ಲಿದೆ?

ಹಂಚಿನ ಮನೆ ಅಜ್ಜಿ, 1.41
ವರ್ಕ್‌ಶಾಪಲ್ಲಿದೆ ಆಂಟಿ. ಬೆಳಗ್ಗೆ ತರುತ್ತೇನೆ.